ಕಾಣದ ಗಾಳಿ, ಕಾಣುವ ನೆಲ: ಆಕಾಶದಲ್ಲಿ ದಾರಿ ಹಿಡಿಯುವ ಲೆಕ್ಕ

ಬೆಂಗಳೂರಿನ ಉತ್ತರ ಭಾಗದ ಜಕ್ಕೂರು ವಿಮಾನ ನಿಲ್ದಾಣದಿಂದ ಒಂದು ಪುಟ್ಟ ತರಬೇತಿ ವಿಮಾನ ಮೈಸೂರಿಗೆ ಹೊರಟಿದೆ ಎಂದು ಇಟ್ಟುಕೊಳ್ಳೋಣ. ನಕ್ಷೆಯ ಮೇಲೆ ಜಕ್ಕೂರಿನಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ದೂರ ಸುಮಾರು 139 ಕಿ.ಮೀ. ಉತ್ತರವನ್ನು ಸೊನ್ನೆ, ಪೂರ್ವವನ್ನು 90, ದಕ್ಷಿಣವನ್ನು 180, ಪಶ್ಚಿಮವನ್ನು 270 ಡಿಗ್ರಿ ಎಂದು ಎಣಿಸಿದರೆ ಈ ಗೆರೆಯ ದಿಕ್ಕು 227 ಡಿಗ್ರಿ, ಅಂದರೆ ಹೆಚ್ಚು ಕಡಿಮೆ ನೈಋತ್ಯ. ವಿಮಾನದ ವೇಗ ಗಂಟೆಗೆ 167 ಕಿ.ಮೀ. ಹಾಗಾದರೆ ಐವತ್ತು ನಿಮಿಷದ ಪ್ರಯಾಣ. ವಿಮಾನ ನಡೆಸುತ್ತಿರುವ ವಿದ್ಯಾರ್ಥಿನಿ ಬಹಳ ಶ್ರದ್ಧಾವಂತೆ. ವಿಮಾನದ ಮೂತಿಯನ್ನು 227 ಡಿಗ್ರಿಗೆ ತಿರುಗಿಸಿ, ಒಂದು ಡಿಗ್ರಿಯೂ ಆಚೀಚೆ ಆಗದಂತೆ, ವೇಗವೂ ಹೆಚ್ಚು ಕಡಿಮೆ ಆಗದಂತೆ, ಸರಿಯಾಗಿ ಐವತ್ತು ನಿಮಿಷ ಹಾರಿಸುತ್ತಾಳೆ. ಆಮೇಲೆ ಕೆಳಗೆ ನೋಡುತ್ತಾಳೆ. ಚಾಮುಂಡಿ ಬೆಟ್ಟವೂ ಇಲ್ಲ, ಮೈಸೂರೂ ಇಲ್ಲ! ಮುಂದುಗಡೆ ಎರಡು ನದಿಗಳು ಕೂಡುವ ಜಾಗ ಕಾಣುತ್ತಿದೆ. ಅದು ಕಾವೇರಿ, ಕಪಿಲೆಯರ ಸಂಗಮ, ತಿರುಮಕೂಡಲು ನರಸೀಪುರ. ಮೈಸೂರು ಅಲ್ಲಿಂದ ಸುಮಾರು 30 ಕಿ.ಮೀ. ಪಶ್ಚಿಮಕ್ಕೆ ಉಳಿದುಬಿಟ್ಟಿದೆ.

ದಿಕ್ಸೂಚಿ ಕೆಟ್ಟಿಲ್ಲ. ಗಡಿಯಾರ ನಿಂತಿಲ್ಲ. ನಕ್ಷೆಯೂ ಸರಿಯಾಗಿದೆ. ಹಾಗಾದರೆ ಆದದ್ದೇನು? ಆ ದಿನ ಪಶ್ಚಿಮದಿಂದ ಗಂಟೆಗೆ 37 ಕಿ.ಮೀ. ವೇಗದ ಗಾಳಿ ಬೀಸುತ್ತಿತ್ತು. ನಮ್ಮ ಮುಂಗಾರಿನ ದಿನಗಳಲ್ಲಿ ಇದೇನೂ ವಿಶೇಷವಲ್ಲ. ಐವತ್ತು ನಿಮಿಷದಲ್ಲಿ ಅಷ್ಟು ಗಾಳಿ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ವಿಮಾನವೂ ಅದರ ಜೊತೆಗೆ ಪೂರ್ವಕ್ಕೆ ಹೋಗಿದೆ. ಈ ಒಂದು ಮಾತನ್ನು ಸರಿಯಾಗಿ ಅರಿತುಕೊಂಡರೆ ಉಳಿದದ್ದೆಲ್ಲ ಶಾಲೆಯ ರೇಖಾಗಣಿತವೇ. ಈ ಲೇಖನದಲ್ಲಿ ಅದನ್ನು ಹಂತ ಹಂತವಾಗಿ ನೋಡೋಣ. ಪರದೆಯ ಮೇಲೆ ಬಾಣಗಳನ್ನು ಓಡಿಸಿ ತೋರಿಸುವುದು ಸುಲಭ, ನೋಡುವುದು ಇನ್ನೂ ಸುಲಭ. ಆದರೆ ಕಾಗದ, ಪೆನ್ಸಿಲ್, ಕೋನಮಾಪಕ ಹಿಡಿದು ಕುಳಿತಾಗ ಮಾತ್ರ ಇದು ಮನಸ್ಸಿನಲ್ಲಿ ನಿಲ್ಲುತ್ತದೆ.

ಗಾಳಿ ತಳ್ಳುವುದಿಲ್ಲ, ಒಯ್ಯುತ್ತದೆ

ನೆಲದ ಮೇಲೆ ಸೈಕಲ್ ತುಳಿಯುವವನಿಗೆ ಗಾಳಿ ಪಕ್ಕದಿಂದ ಬಡಿಯುತ್ತದೆ. ಏಕೆಂದರೆ ಅವನ ಚಕ್ರಗಳು ನೆಲವನ್ನು ಹಿಡಿದುಕೊಂಡಿವೆ. ವಿಮಾನಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ. ಅದು ಗಾಳಿಯೊಳಗೇ ಇದೆ. ತುಂಬಿದ ಹೊಳೆಯಲ್ಲಿ ಹೋಗುವ ಹರಿಗೋಲನ್ನು ನೆನಪಿಸಿಕೊಳ್ಳಿ. ಎದುರು ದಡದ ಮಂಟಪಕ್ಕೆ ಹೋಗಬೇಕಾದ ಅಂಬಿಗ ಮಂಟಪದ ಕಡೆಗೇ ಹುಟ್ಟು ಹಾಕುವುದಿಲ್ಲ. ಹಾಗೆ ಮಾಡಿದರೆ ಮಂಟಪದಿಂದ ಎಷ್ಟೋ ಕೆಳಗೆ ಹೋಗಿ ದಡ ಸೇರಬೇಕಾಗುತ್ತದೆಂದು ಅವನಿಗೆ ಗೊತ್ತು. ಅವನು ಪ್ರವಾಹಕ್ಕೆ ಎದುರಾಗಿ, ಸ್ವಲ್ಪ ಮೇಲಕ್ಕೆ ಹುಟ್ಟು ಹಾಕುತ್ತಾನೆ. ಹರಿಗೋಲು ಓರೆಯಾಗಿ ಹೋಗುತ್ತಿರುವಂತೆ ಕಂಡರೂ ನೆಟ್ಟಗೆ ಮಂಟಪದ ಬುಡಕ್ಕೇ ತಲಪುತ್ತದೆ. ಅಂಬಿಗನಿಗೆ ತ್ರಿಕೋನಮಿತಿ ಗೊತ್ತಿಲ್ಲದಿರಬಹುದು, ಆದರೆ ಅವನು ಮಾಡುವುದು ಅದನ್ನೇ.

ಆದರೆ ಒಂದು ವ್ಯತ್ಯಾಸವಿದೆ. ಅಂಬಿಗನಿಗೆ ನೀರು ಹರಿಯುವುದು ಕಣ್ಣಿಗೆ ಕಾಣುತ್ತದೆ. ಪೈಲಟ್‌ಗೆ ಗಾಳಿ ಕಾಣುವುದಿಲ್ಲ, ಮೈಗೂ ತಾಕುವುದಿಲ್ಲ. ಒಂದೇ ಸಮನಾಗಿ ಬೀಸುವ ಗಾಳಿ ಎಷ್ಟೇ ಬಲವಾಗಿದ್ದರೂ ಅದರ ಜೊತೆ ತೇಲುವ ವಿಮಾನದಲ್ಲಿ ಕುಳಿತವರಿಗೆ ಏನೂ ತಿಳಿಯುವುದಿಲ್ಲ. ಆಗಾಗ ಆಗುವ ಕುಲುಕಾಟ ಗಾಳಿಯ ಏರಿಳಿತದಿಂದ ಬರುವುದೇ ಹೊರತು ಗಾಳಿಯ ಸಮನಾದ ಹರಿವಿನಿಂದಲ್ಲ. ವಿಮಾನದ ವೇಗ ತೋರಿಸುವ ಮುಳ್ಳೂ ಗಾಳಿಗೆ ಹೋಲಿಸಿದ ವೇಗವನ್ನೇ ತೋರಿಸುತ್ತದೆ, ನೆಲಕ್ಕೆ ಹೋಲಿಸಿದ ವೇಗವನ್ನಲ್ಲ. ಆದ್ದರಿಂದ ಗಾಳಿಯನ್ನು ತಿಳಿಯಲು ಪೈಲಟ್‌ಗೆ ಇರುವ ಸರಳ ಸಾಕ್ಷಿಗಳು ಎರಡೇ: ಕೆಳಗಿನ ನೆಲ ಮತ್ತು ಕೈಯಲ್ಲಿನ ಗಡಿಯಾರ.

ಮನೆಯಲ್ಲಿ ಒಂದು ಪ್ರಯೋಗ ಮಾಡಬಹುದು. ನೆಲದ ಮೇಲೆ ಒಂದು ದೊಡ್ಡ ದಿನಪತ್ರಿಕೆಯ ಹಾಳೆ ಹಾಸಿ. ಅದರ ಮೇಲೆ ಕೀಲಿ ಕೊಟ್ಟ ಆಟಿಕೆ ಕಾರನ್ನು ನೇರವಾಗಿ ಬಿಡಿ. ಅದೇ ಹೊತ್ತಿಗೆ ಗೆಳೆಯನೊಬ್ಬ ಹಾಳೆಯನ್ನು ನಿಧಾನವಾಗಿ ಒಂದೇ ಸಮನೆ ಪಕ್ಕಕ್ಕೆ ಎಳೆಯಲಿ. ಕಾರಿನ ಮೂತಿ ನೇರವಾಗಿಯೇ ಇರುತ್ತದೆ, ಹಾಳೆಯ ಮೇಲೆ ಅದು ನೇರವಾಗಿಯೇ ಓಡುತ್ತದೆ. ಆದರೆ ನೆಲದ ಕಲ್ಲುಗಳನ್ನು ನೋಡಿದರೆ ಅದು ಓರೆಯಾಗಿ ಸಾಗಿದೆ. ಹಾಳೆಯೇ ಗಾಳಿ, ಕಾರೇ ವಿಮಾನ.

ಎರಡು ದಿಕ್ಕು, ಎರಡು ವೇಗ

ಇಲ್ಲಿಂದ ಮುಂದೆ ನಾಲ್ಕು ಮಾತುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ವಿಮಾನದ ಮೂತಿ ಇರುವ ದಿಕ್ಕು ಒಂದು; ಪೈಲಟರು ಇದನ್ನು ಹೆಡಿಂಗ್ ಎನ್ನುತ್ತಾರೆ. ವಿಮಾನ ನೆಲದ ಮೇಲೆ ನಿಜವಾಗಿ ಸಾಗುವ ದಿಕ್ಕು ಇನ್ನೊಂದು, ಇದು ಟ್ರ್ಯಾಕ್. ಇವೆರಡರ ನಡುವಿನ ಕೋನವೇ ಡ್ರಿಫ್ಟ್. ಹಾಗೆಯೇ ಗಾಳಿಯಲ್ಲಿನ ವೇಗ ಒಂದು, ನೆಲದ ಮೇಲಿನ ವೇಗ ಇನ್ನೊಂದು. ಗಾಳಿ ಇಲ್ಲದ ದಿನ ಎರಡು ದಿಕ್ಕುಗಳೂ ಒಂದೇ, ಎರಡು ವೇಗಗಳೂ ಒಂದೇ. ಆದರೆ ಆಕಾಶದಲ್ಲಿ ಗಾಳಿ ಇಲ್ಲದ ದಿನ ತೀರ ಅಪರೂಪ.

ವಿಮಾನಯಾನದಲ್ಲಿ ದೂರವನ್ನು ನಾಟಿಕಲ್ ಮೈಲಿಗಳಲ್ಲಿ ಅಳೆಯುತ್ತಾರೆ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಭೂಮಿಯ ಅಕ್ಷಾಂಶದ ಒಂದು ಡಿಗ್ರಿಯಲ್ಲಿ ಇಂತಹ 60 ಮೈಲಿಗಳಿರುವುದರಿಂದ ನಕ್ಷೆಯ ಅಂಚಿನಲ್ಲಿರುವ ಅಕ್ಷಾಂಶದ ಗುರುತುಗಳೇ ಅಳತೆಪಟ್ಟಿ ಆಗಿಬಿಡುತ್ತವೆ. ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗಕ್ಕೆ ಒಂದು ನಾಟ್ ಎಂದು ಹೆಸರು. ಈ ಅಳತೆಯಲ್ಲಿ ಜಕ್ಕೂರು ಮತ್ತು ಮೈಸೂರಿನ ನಡುವಣ ದೂರ 75 ಮೈಲಿ, ನಮ್ಮ ವಿಮಾನದ ವೇಗ 90 ನಾಟ್, ಅಂದಿನ ಗಾಳಿ 20 ನಾಟ್. ಮುಂದೆ ಮೈಲಿ ಎಂದಾಗಲೆಲ್ಲ ನಾಟಿಕಲ್ ಮೈಲಿ ಎಂದೇ ತಿಳಿಯಿರಿ. ಗಾಳಿಯ ದಿಕ್ಕನ್ನು ಹೇಳುವಾಗ ಅದು ಎಲ್ಲಿಂದ ಬರುತ್ತದೆಯೋ ಆ ದಿಕ್ಕನ್ನು ಹೇಳುವುದು ವಾಡಿಕೆ. ಪಶ್ಚಿಮದ ಗಾಳಿ ಅಂದರೆ 270 ಡಿಗ್ರಿಯಿಂದ ಬರುವ ಗಾಳಿ, ಪಶ್ಚಿಮಕ್ಕೆ ಹೋಗುವ ಗಾಳಿಯಲ್ಲ.

ಇನ್ನೊಂದು ಚಿಕ್ಕ ವಿಷಯ. ನಕ್ಷೆಯ ಉತ್ತರ ಭೂಮಿಯ ಧ್ರುವದ ಕಡೆಗಿದೆ; ದಿಕ್ಸೂಚಿಯ ಉತ್ತರ ಭೂಮಿಯ ಕಾಂತಕ್ಷೇತ್ರವನ್ನು ಅನುಸರಿಸುತ್ತದೆ. ಎರಡರ ನಡುವೆ ವ್ಯತ್ಯಾಸವಿರುತ್ತದೆ. ಬೆಂಗಳೂರು, ಮೈಸೂರುಗಳ ಸುತ್ತ ಈ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೇ. ಜಗತ್ತಿನ ಬೇರೆ ಕೆಲವು ಕಡೆ ಇದು ಹತ್ತು, ಇಪ್ಪತ್ತು ಡಿಗ್ರಿಯನ್ನೂ ಮೀರುತ್ತದೆ. ಅದನ್ನು ಕೂಡಿಸಿ ಕಳೆದು ಸರಿಪಡಿಸಿಕೊಳ್ಳಲೇಬೇಕು. ನಮ್ಮ ಉದಾಹರಣೆಯಲ್ಲಿ ಲೆಕ್ಕ ಸರಳವಾಗಿರಲೆಂದು ಎಲ್ಲವನ್ನೂ ನಕ್ಷೆಯ ಉತ್ತರದಿಂದಲೇ ಎಣಿಸೋಣ.

ಮೂರು ಬಾಣಗಳ ತ್ರಿಕೋನ

ಈಗ ಕಾಗದ ತೆಗೆದುಕೊಳ್ಳಿ. ಒಂದು ಸೆಂಟಿಮೀಟರ್ ಅಂದರೆ 10 ನಾಟ್ ಎಂಬ ಅಳತೆ ಇಟ್ಟುಕೊಳ್ಳಿ. ಹಾಳೆಯ ಮೇಲ್ಭಾಗದಲ್ಲಿ ಒಂದು ಚುಕ್ಕೆ ಇಟ್ಟು ಅದಕ್ಕೆ ಅ ಎಂದು ಹೆಸರಿಡಿ. ಅಲ್ಲಿಂದ 227 ಡಿಗ್ರಿ ದಿಕ್ಕಿಗೆ ಉದ್ದವಾದ ಗೆರೆ ಎಳೆಯಿರಿ. ಇದು ನಾವು ಹೋಗಬೇಕಾದ ದಾರಿ. ಇನ್ನು ಅದೇ ಅ ಚುಕ್ಕೆಯಿಂದ ಪೂರ್ವಕ್ಕೆ, ಅಂದರೆ ಗಾಳಿ ಹೋಗುವ ಕಡೆಗೆ, 2 ಸೆಂ.ಮೀ. ಬಾಣ ಎಳೆಯಿರಿ, ಅದರ ತುದಿ ಆ. ಈಗ ಕೈವಾರವನ್ನು 9 ಸೆಂ.ಮೀ. ತೆರೆದು, ಅದರ ಮುಳ್ಳನ್ನು ಆ ಚುಕ್ಕೆಯಲ್ಲಿಟ್ಟು, ದಾರಿಯ ಗೆರೆಯನ್ನು ಕತ್ತರಿಸುವಂತೆ ಕಂಸ ಎಳೆಯಿರಿ. ಕತ್ತರಿಸಿದ ಜಾಗ ಇ. ಆ ಮತ್ತು ಇ ಚುಕ್ಕೆಗಳನ್ನು ಸೇರಿಸಿ.

ಉತ್ತರ ನಿಮ್ಮ ಮುಂದೆ ಇದೆ. ಆ ಇಂದ ಇ ಕಡೆಗಿನ ದಿಕ್ಕನ್ನು ಕೋನಮಾಪಕದಿಂದ ಅಳೆದರೆ ಸುಮಾರು 236 ಡಿಗ್ರಿ ಬರುತ್ತದೆ. ವಿಮಾನದ ಮೂತಿ ಇರಬೇಕಾದ ದಿಕ್ಕು ಇದು. ದಾರಿಗಿಂತ 9 ಡಿಗ್ರಿ ಬಲಕ್ಕೆ, ಗಾಳಿ ಬರುವ ಕಡೆಗೆ. ಅ ಇಂದ ಇ ವರೆಗಿನ ಉದ್ದ ಸುಮಾರು 7.4 ಸೆಂ.ಮೀ., ಅಂದರೆ ನೆಲದ ಮೇಲಿನ ವೇಗ 74 ನಾಟ್. 75 ಮೈಲಿ ಹೋಗಲು ಬೇಕಾದ ಸಮಯ 61 ನಿಮಿಷ, ನಾವು ಮೊದಲು ಎಣಿಸಿದ ಐವತ್ತಲ್ಲ. ಭೌತವಿಜ್ಞಾನದ ತರಗತಿಯಲ್ಲಿ ನೀವು ಮಾಡುವ ಸದಿಶಗಳ ಸಂಕಲನವೇ ಇದು. ಅಲ್ಲಿ ಇದು ಪರೀಕ್ಷೆಯ ಐದು ಅಂಕ, ಇಲ್ಲಿ ಇದು ಇಂಧನ.

ಹಿಂದಿರುಗುವಾಗ ಏನಾಗುತ್ತದೆ? ಅದೇ ಗಾಳಿ ಈಗ ಓರೆಯಾಗಿ ಬೆನ್ನ ಹಿಂದಿನಿಂದ ಬರುತ್ತದೆ. ನೆಲದ ಮೇಲಿನ ವೇಗ ಸುಮಾರು 104 ನಾಟ್ ಆಗಿ ಪ್ರಯಾಣ 43 ನಿಮಿಷದಲ್ಲಿ ಮುಗಿಯುತ್ತದೆ. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಗಳಿಸಿದೆವಲ್ಲ, ಲೆಕ್ಕ ಸರಿಹೋಯಿತು ಎನ್ನಿಸಬಹುದು. ಕೂಡಿಸಿ ನೋಡಿ. 61 ಮತ್ತು 43 ಸೇರಿದರೆ 104 ನಿಮಿಷ. ಗಾಳಿ ಇಲ್ಲದಿದ್ದರೆ 100 ನಿಮಿಷ. ನಾಲ್ಕು ನಿಮಿಷ ಎಲ್ಲಿ ಹೋಯಿತು? ಎದುರು ಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತದೆ. ತೊಂದರೆ ಕೊಡುವ ಗಾಳಿಗೆ ಹೆಚ್ಚು ಸಮಯ ಸಿಗುತ್ತದೆ, ನೆರವಾಗುವ ಗಾಳಿಗೆ ಕಡಿಮೆ ಸಮಯ ಸಿಗುತ್ತದೆ. ಗಾಳಿ ಕಿತ್ತುಕೊಂಡದ್ದನ್ನು ಪೂರ್ತಿಯಾಗಿ ಎಂದೂ ಹಿಂದಕ್ಕೆ ಕೊಡುವುದಿಲ್ಲ.

ಗಡಿಯಾರದ ಮುಖ ನೋಡಿ ಲೆಕ್ಕ

ನೆಲದ ಮೇಲೆ ತ್ರಿಕೋನ ಎಳೆಯಬಹುದು. ಹಾರುತ್ತಿರುವಾಗ ಒಂದು ಕೈ ನಿಯಂತ್ರಣದ ಮೇಲೆ, ಕಿವಿ ರೇಡಿಯೋ ಮೇಲೆ, ಕಣ್ಣು ಹೊರಗೆ ಇರುವಾಗ ಕೈವಾರ ಹಿಡಿಯಲು ಬಿಡುವಿಲ್ಲ. ಅದಕ್ಕಾಗಿ ಪೈಲಟರು ಬಾಯಿಲೆಕ್ಕದ ಒಂದು ಉಪಾಯ ಕಲಿಯುತ್ತಾರೆ.

ಮೊದಲು, ಗಾಳಿ ನೇರವಾಗಿ ಪಕ್ಕದಿಂದ ಬೀಸಿದರೆ ಡ್ರಿಫ್ಟ್ ಎಷ್ಟಾಗುತ್ತಿತ್ತು ಎಂದು ನೋಡಬೇಕು. ನಮ್ಮ ವಿಮಾನದ ವೇಗ 90 ನಾಟ್, ಅಂದರೆ ನಿಮಿಷಕ್ಕೆ ಒಂದೂವರೆ ಮೈಲಿ. ಗಾಳಿಯ ವೇಗವನ್ನು ಈ ಒಂದೂವರೆಯಿಂದ ಭಾಗಿಸಿ. 20ನ್ನು ಒಂದೂವರೆಯಿಂದ ಭಾಗಿಸಿದರೆ ಸುಮಾರು 13. ಇದು ಗರಿಷ್ಠ ಡ್ರಿಫ್ಟ್, 13 ಡಿಗ್ರಿ.

ಆದರೆ ಗಾಳಿ ನೇರ ಪಕ್ಕದಿಂದ ಬರುತ್ತಿಲ್ಲ, ನಮ್ಮ ದಾರಿಗೆ 43 ಡಿಗ್ರಿ ಓರೆಯಲ್ಲಿ ಬರುತ್ತಿದೆ. ಈಗ ಗಡಿಯಾರದ ಮುಖ ನೆನಪಿಸಿಕೊಳ್ಳಿ. 15 ನಿಮಿಷ ಎಂದರೆ ಕಾಲು ಗಂಟೆ, 30 ನಿಮಿಷ ಅರ್ಧ, 45 ನಿಮಿಷ ಮುಕ್ಕಾಲು, 60 ನಿಮಿಷ ಪೂರ್ತಿ ಗಂಟೆ. ನಿಮಿಷದ ಜಾಗದಲ್ಲಿ ಡಿಗ್ರಿ ಎಂದು ಓದಿಕೊಳ್ಳಿ. ಗಾಳಿ 15 ಡಿಗ್ರಿ ಓರೆಯಲ್ಲಿ ಬಂದರೆ ಗರಿಷ್ಠ ಡ್ರಿಫ್ಟ್‌ನ ಕಾಲು ಭಾಗ, 30ಕ್ಕೆ ಅರ್ಧ, 45ಕ್ಕೆ ಮುಕ್ಕಾಲು, 60 ಮತ್ತು ಅದಕ್ಕಿಂತ ಹೆಚ್ಚಾದರೆ ಪೂರ್ತಿ. 43 ಡಿಗ್ರಿ ಸುಮಾರಾಗಿ 45. ಹದಿಮೂರರ ಮುಕ್ಕಾಲು ಭಾಗ ಸುಮಾರು 10. ಆದ್ದರಿಂದ ಗಾಳಿಯ ಕಡೆಗೆ 10 ಡಿಗ್ರಿ ತಿರುಗಿಸು ಎನ್ನುತ್ತದೆ ಬಾಯಿಲೆಕ್ಕ. ಕಾಗದದ ಮೇಲೆ ಬಂದದ್ದು 9.

ಎದುರು ಗಾಳಿಯನ್ನೂ ಇದೇ ರೀತಿ ತಿಳಿಯಬಹುದು. ಆ ಕೋನವನ್ನು 90ರಿಂದ ಕಳೆಯಿರಿ, 47 ಬರುತ್ತದೆ. ಗಡಿಯಾರದಲ್ಲಿ ಅದೂ ಸುಮಾರು ಮುಕ್ಕಾಲೇ. 20 ನಾಟ್‌ನ ಮುಕ್ಕಾಲು 15. ನೆಲದ ಮೇಲಿನ ವೇಗ 90ರಿಂದ 15 ಕಳೆದರೆ 75 ನಾಟ್. 75 ಮೈಲಿಗೆ 75 ನಾಟ್, ಸರಿಯಾಗಿ ಒಂದು ಗಂಟೆ. ತ್ರಿಕೋನ ಹೇಳಿದ್ದು 61 ನಿಮಿಷ. ಸೈನ್ ಪಟ್ಟಿಯ ನೆರವಿಲ್ಲದೆ, ಪೆನ್ಸಿಲ್ ಎತ್ತದೆ, ಒಂದು ಡಿಗ್ರಿ ಮತ್ತು ಒಂದು ನಿಮಿಷದ ಅಂತರದಲ್ಲಿ ಉತ್ತರ ಸಿಕ್ಕಿತು. ಸೈನ್ 30 ಅರ್ಧವೆಂದೂ ಸೈನ್ 45 ಸುಮಾರು 0.7 ಎಂದೂ ನೀವು ಕಲಿತಿದ್ದೀರಲ್ಲ, ಗಡಿಯಾರದ ಉಪಾಯದ ಗುಟ್ಟು ಅದೇ.

ಅರವತ್ತಕ್ಕೆ ಒಂದು

ಇಷ್ಟೆಲ್ಲ ಮಾಡಿ ಹೊರಟರೂ ಎಲ್ಲವೂ ಮುನ್ಸೂಚನೆಯ ಗಾಳಿಯನ್ನು ನಂಬಿದೆ. ಹವಾಮಾನ ಇಲಾಖೆ ಎಷ್ಟೇ ಎಚ್ಚರದಿಂದ ಹೇಳಿದರೂ ಗಾಳಿ ಎತ್ತರದಿಂದ ಎತ್ತರಕ್ಕೆ, ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. ಆದ್ದರಿಂದ ದಾರಿಯಲ್ಲಿ ಪರೀಕ್ಷೆ ಮಾಡಿಕೊಳ್ಳಬೇಕು. ಅದಕ್ಕೆ ಇರುವ ಸೂತ್ರ ಬಹಳ ಸರಳ: 60 ಮೈಲಿ ಸಾಗಿದಾಗ 1 ಮೈಲಿ ಪಕ್ಕಕ್ಕೆ ಸರಿದಿದ್ದರೆ ದಿಕ್ಕಿನ ತಪ್ಪು 1 ಡಿಗ್ರಿ.

ಇದು ಎಲ್ಲಿಂದ ಬಂತು? 60 ಮೈಲಿ ತ್ರಿಜ್ಯದ ಒಂದು ವೃತ್ತವನ್ನು ಕಲ್ಪಿಸಿಕೊಳ್ಳಿ. ಅದರ ಪರಿಧಿ ಸುಮಾರು 377 ಮೈಲಿ. ಅದನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ ಒಂದು ಮೈಲಿಗಿಂತ ತುಸು ಹೆಚ್ಚು. ಆ ತುಸುವನ್ನು ಬಿಟ್ಟರೆ ನಿಯಮ ಸಿದ್ಧವಾಯಿತು.

ನಮ್ಮ ದಾರಿಯಲ್ಲಿ ಇದನ್ನು ಬಳಸಿ ನೋಡೋಣ. ಜಕ್ಕೂರಿನಿಂದ ಮೈಸೂರಿಗೆ ಎಳೆದ ಗೆರೆ ರಾಮನಗರದ ಮೇಲೆ ಹಾಯುವುದಿಲ್ಲ. ಗೆರೆಯ ಮೇಲೆ ಸುಮಾರು 30 ಮೈಲಿ ಸಾಗಿದಾಗ ರಾಮನಗರ 3 ಮೈಲಿ ಎಡಕ್ಕೆ ಕಾಣಬೇಕು. ಆ ಊರಿನ ಸುತ್ತಲ ಬಂಡೆಗಲ್ಲಿನ ಬೆಟ್ಟಗಳನ್ನು ಯಾರೂ ಬೇರೆ ಊರೆಂದು ತಿಳಿಯಲಾರರು. ಆದರೆ ನಮ್ಮ ವಿದ್ಯಾರ್ಥಿನಿಗೆ ಆ ಊರು ಎಡಕ್ಕಲ್ಲ, ನೇರ ಕೆಳಗೇ ಕಾಣುತ್ತದೆ ಎನ್ನಿ. ಅಂದರೆ ಗಾಳಿ ಮುನ್ಸೂಚನೆಗಿಂತ ಬಲವಾಗಿದೆ, ವಿಮಾನ 3 ಮೈಲಿ ಎಡಕ್ಕೆ ಸರಿದಿದೆ. 30ಕ್ಕೆ 3 ಎಂದರೆ 60ಕ್ಕೆ 6. ದಿಕ್ಕಿನ ತಪ್ಪು 6 ಡಿಗ್ರಿ.

ಅವಳು 6 ಡಿಗ್ರಿ ಬಲಕ್ಕೆ ತಿರುಗಿಸಿದರೆ ಸಾಕೇ? ಸಾಲದು. ಹಾಗೆ ಮಾಡಿದರೆ ಇನ್ನಷ್ಟು ಸರಿಯುವುದು ನಿಲ್ಲುತ್ತದೆ. ವಿಮಾನ ಗೆರೆಗೆ ಸಮಾನಾಂತರವಾಗಿ ಹೋಗಿ ಮೈಸೂರನ್ನು 3 ಮೈಲಿ ಬಲಕ್ಕೆ ಬಿಟ್ಟು ಮುಂದೆ ಹೋಗುತ್ತದೆ. ಗುರಿಯನ್ನು ಮುಟ್ಟಲು ಇನ್ನೂ ಸ್ವಲ್ಪ ತಿರುಗಬೇಕು. ಉಳಿದ ದೂರ 45 ಮೈಲಿ, ಸರಿದುಕೊಳ್ಳಬೇಕಾದದ್ದು 3 ಮೈಲಿ. 45ಕ್ಕೆ 3 ಎಂದರೆ 60ಕ್ಕೆ 4. ಒಟ್ಟು 6 ಮತ್ತು 4, ಹತ್ತು ಡಿಗ್ರಿ ಬಲಕ್ಕೆ ತಿರುಗಿಸಬೇಕು. ಸರಿಯಾಗಿ ಮಾಡಿದ್ದಾಳೆಯೇ ಎಂಬುದಕ್ಕೆ ಪುರಾವೆ ಮುಂದೆಯೇ ಇದೆ. ಶಿಂಷಾ ನದಿಯ ದಂಡೆಯ ಮದ್ದೂರು ನಮ್ಮ ಮೂಲ ಗೆರೆಯ ಮೇಲೆಯೇ ಇದೆ. ಬೆಂಗಳೂರು ಮೈಸೂರು ರೈಲು ಹಳಿ ಗೆರೆಯನ್ನು ದಾಟುವುದೂ ಅಲ್ಲೇ. ಹೊಸ ದಿಕ್ಕು ಸರಿಯಾಗಿದ್ದರೆ ಮದ್ದೂರು ಈಗ ಸುಮಾರು 2 ಮೈಲಿ ಬಲಕ್ಕೆ ಕಾಣಬೇಕು.

ಇಲ್ಲಿ ಒಂದು ಪಾಠವಿದೆ. ಆರು ಡಿಗ್ರಿ ತಪ್ಪನ್ನು 10 ಮೈಲಿ ಹೋದಾಗಲೇ ಗುರುತಿಸಿದರೆ ಸರಿದದ್ದು ಒಂದೇ ಮೈಲಿ. 30 ಮೈಲಿಗೆ ಅದು ಮೂರಾಯಿತು, 75 ಮೈಲಿಗೆ ಏಳೂವರೆ ಆಗುತ್ತಿತ್ತು. ಕೋನ ಬೆಳೆಯುವುದಿಲ್ಲ, ದೂರ ಬೆಳೆಯುತ್ತದೆ. ಹಾಗಾಗಿ ಹೊರಟ ಹತ್ತು ಹದಿನೈದು ನಿಮಿಷದಲ್ಲೇ ಮೊದಲ ಗುರುತನ್ನು ಆರಿಸಿಟ್ಟುಕೊಳ್ಳಬೇಕೆಂದು ಶಿಕ್ಷಕರು ಹೇಳುತ್ತಾರೆ.

ನಕ್ಷೆ ಓದುವುದಕ್ಕೂ ಒಂದು ಕ್ರಮವಿದೆ. ಮೊದಲು ಗಡಿಯಾರ, ಆಮೇಲೆ ನಕ್ಷೆ, ಕಡೆಗೆ ನೆಲ. ಇಷ್ಟು ಹೊತ್ತಾಗಿದೆ, ಆದ್ದರಿಂದ ನಕ್ಷೆಯ ಈ ಜಾಗದಲ್ಲಿರಬೇಕು, ಆದ್ದರಿಂದ ಕೆಳಗೆ ಇಂತಹ ಊರು ಕಾಣಬೇಕು ಎಂದು ನೋಡಬೇಕು. ಇದನ್ನು ತಿರುಗಿಸಿ, ಕೆಳಗೆ ಕಂಡ ಯಾವುದೋ ಕೆರೆಯನ್ನು ನಕ್ಷೆಯಲ್ಲಿ ಹುಡುಕ ಹೊರಟರೆ ಮನಸ್ಸು ಮೋಸ ಮಾಡುತ್ತದೆ. ನಮ್ಮ ಸೀಮೆಯಲ್ಲಿ ಕೆರೆಗಳಿಗೆ ಬರವಿಲ್ಲ. ಯಾವ ಕೆರೆಯನ್ನಾದರೂ ನಮಗೆ ಬೇಕಾದ ಕೆರೆ ಎಂದು ನಂಬಿಬಿಡಬಹುದು. ಬೇಸಿಗೆಯಲ್ಲಿ ನಕ್ಷೆಯ ನೀಲಿ ಕೆರೆ ನೆಲದ ಮೇಲೆ ಒಣಗಿದ ಬಯಲಾಗಿರುವುದೂ ಉಂಟು.

ಕಾಲವೂ ಒಂದು ಅಳತೆ

ಪಕ್ಕಕ್ಕೆ ಸರಿದದ್ದು ನೆಲ ನೋಡಿದರೆ ತಿಳಿಯುತ್ತದೆ. ಎದುರು ಗಾಳಿ ಮಾತ್ರ ಪಕ್ಕಕ್ಕೆ ಸರಿಸುವುದಿಲ್ಲ, ಸುಮ್ಮನೆ ತಡ ಮಾಡುತ್ತದೆ. ಅದನ್ನು ಹಿಡಿಯಲು ಗಡಿಯಾರ ಬೇಕು. 75 ನಾಟ್ ವೇಗದಲ್ಲಿ 30 ಮೈಲಿಗೆ 24 ನಿಮಿಷ ಆಗಬೇಕಿತ್ತು. ರಾಮನಗರದ ಬಳಿ ಬಂದಾಗ 27 ನಿಮಿಷ ಆಗಿದೆ ಎನ್ನೋಣ. 30 ಮೈಲಿಗೆ 3 ನಿಮಿಷ ತಡವಾದರೆ ಉಳಿದ 45 ಮೈಲಿಗೆ ಇನ್ನೂ ನಾಲ್ಕೂವರೆ ನಿಮಿಷ ತಡ. ಒಟ್ಟು ಪ್ರಯಾಣ 60 ನಿಮಿಷದ ಬದಲು ಸುಮಾರು 68 ನಿಮಿಷ. ಇದು ಶಾಲೆಯ ಅನುಪಾತದ ಲೆಕ್ಕ ಅಷ್ಟೇ. ಆದರೆ ಇಂಧನ ಸಾಲುತ್ತದೆಯೇ, ಕತ್ತಲಾಗುವ ಮುಂಚೆ ತಲಪುತ್ತೇವೆಯೇ, ಹಿಂದಿರುಗಬೇಕೇ ಎಂಬ ತೀರ್ಮಾನಗಳೆಲ್ಲ ಇದರ ಮೇಲೆ ನಿಂತಿವೆ.

ನೆಲ ಕಾಣದೆ ಹೋದಾಗ ಏನಾಗಬಹುದು ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ದಾರುಣ ಉದಾಹರಣೆಯಿದೆ. 1947ರ ಆಗಸ್ಟ್ 2ರಂದು ಸ್ಟಾರ್ ಡಸ್ಟ್ ಎಂಬ ಹೆಸರಿನ ಬ್ರಿಟಿಷ್ ವಿಮಾನ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಿಂದ ಚಿಲಿಯ ಸ್ಯಾಂಟಿಯಾಗೋಗೆ ಹೊರಟಿತು. ನಡುವೆ ಆಂಡೀಸ್ ಪರ್ವತ ಶ್ರೇಣಿ. ಸಿಬ್ಬಂದಿ ಐವರು, ಪ್ರಯಾಣಿಕರು ಆರು ಮಂದಿ. ಕೆಳಗೆ ಮೋಡ ಮುಚ್ಚಿತ್ತು. ಸಂಜೆ 5 ಗಂಟೆ 41 ನಿಮಿಷಕ್ಕೆ ವಿಮಾನದಿಂದ ಕಡೆಯ ಸಂದೇಶ ಬಂತು. 5 ಗಂಟೆ 45ಕ್ಕೆ ಸ್ಯಾಂಟಿಯಾಗೋ ತಲಪುತ್ತೇವೆ ಎಂದು ಅದರಲ್ಲಿತ್ತು. ವಿಮಾನ ತಲಪಲೇ ಇಲ್ಲ. ಐವತ್ತು ವರ್ಷ ಅದರ ಸುಳಿವೇ ಇರಲಿಲ್ಲ. 1998ರಲ್ಲಿ ಪರ್ವತಾರೋಹಿಗಳಿಗೆ ತುಪುಂಗಾಟೊ ಶಿಖರದ ಹಿಮನದಿಯ ಬಳಿ ಅದರ ಚೂರುಗಳು ಸಿಕ್ಕವು. 2000ದಲ್ಲಿ ಅರ್ಜೆಂಟೀನಾದ ಸೇನೆಯ ತಂಡವೊಂದು ಅಲ್ಲಿಗೆ ಹೋಗಿ ಪರಿಶೀಲಿಸಿತು. ಆ ಜಾಗ ಸ್ಯಾಂಟಿಯಾಗೋದಿಂದ ಸುಮಾರು 80 ಕಿ.ಮೀ. ಪೂರ್ವಕ್ಕಿದೆ.

ಇದಕ್ಕೆ ಸಾಮಾನ್ಯವಾಗಿ ಒಪ್ಪಿರುವ ವಿವರಣೆ ಹೀಗಿದೆ. ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿಯ ಬಗ್ಗೆ ಆ ಕಾಲದ ವಿಮಾನಯಾನಿಗಳಿಗೆ ಹೆಚ್ಚು ತಿಳಿದಿರಲಿಲ್ಲ. ವಿಮಾನ ಅದಕ್ಕೆ ಎದುರಾಗಿ ಹಾರುತ್ತಿತ್ತು. ಮುಳ್ಳಿನ ಮೇಲಿನ ವೇಗ ಸರಿಯಾಗಿತ್ತು, ದಿಕ್ಕು ಸರಿಯಾಗಿತ್ತು. ನೆಲದ ಮೇಲಿನ ವೇಗ ಮಾತ್ರ ಅವರು ಎಣಿಸಿದ್ದಕ್ಕಿಂತ ಬಹಳ ಕಡಿಮೆಯಾಗಿತ್ತು. ಪರ್ವತಗಳನ್ನು ದಾಟಿದ್ದೇವೆಂದು ಲೆಕ್ಕ ಹೇಳಿತು. ಪರ್ವತ ಇನ್ನೂ ಮುಂದೆಯೇ ಇತ್ತು. ಅವರು ಮೋಡದೊಳಕ್ಕೆ ಇಳಿದರು. ಲೆಕ್ಕ ಗೊತ್ತಿಲ್ಲದವರಿಗೆ ಆದ ಅಪಘಾತ ಇದಲ್ಲ. ಲೆಕ್ಕವನ್ನು ನೆಲದೊಡನೆ ಹೋಲಿಸಿ ನೋಡಲು ಅವಕಾಶ ಸಿಗದೆ ಹೋದಾಗ ಆದದ್ದು.

ರೇಡಿಯೋ ಇಲ್ಲದ ಕಾಲ, ಉಪಗ್ರಹದ ಕಾಲ

ಇದಕ್ಕೆ ಎದುರಾಗಿ, ಈ ಸರಳ ವಿಧಾನಗಳು ಚೆನ್ನಾಗಿ ಕೆಲಸ ಮಾಡಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪಸ್ ಮಾತ್ ಎಂಬ ಒಂಟಿ ಎಂಜಿನ್ ವಿಮಾನದಲ್ಲಿ ಅಂಚೆ ಚೀಲಗಳನ್ನು ಹೊತ್ತು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹೂಗೆ ಹಾರಿದರು. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ದಾರಿ ತೋರುವ ಉಪಕರಣಗಳು ನೆಲದ ಮೇಲೂ ಇರಲಿಲ್ಲ. ಮುಂಬಯಿಯಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ಅಂಚೆಯನ್ನು ಮದರಾಸಿಗೆ ಒಯ್ದರು. ಅವರು ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ದಿಕ್ಸೂಚಿ, ನಕ್ಷೆ, ಗಡಿಯಾರ, ಜೊತೆಗೆ ಕೆಳಗಿನ ನದಿ, ಹಳಿ, ಬೆಟ್ಟ. ಆ ವಿಮಾನ ಅಂಚೆ ನಡೆದದ್ದು ಇಷ್ಟರಿಂದಲೇ.

ಈಗ ಅದೆಲ್ಲ ಏಕೆ, ಉಪಗ್ರಹಗಳನ್ನು ಕೇಳಿ ಜಾಗ ಹೇಳುವ ಜಿ.ಪಿ.ಎಸ್. ನಮ್ಮ ಜೇಬಿನ ಫೋನಿನಲ್ಲೇ ಇದೆಯಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಿ.ಪಿ.ಎಸ್. ನೆಲದ ಮೇಲಿನ ವೇಗವನ್ನೂ ಸಾಗುವ ದಿಕ್ಕನ್ನೂ ಕ್ಷಣಕ್ಷಣಕ್ಕೆ ಹೇಳುತ್ತದೆ, ಸ್ಟಾರ್ ಡಸ್ಟ್ ಸಿಬ್ಬಂದಿಗೆ ಅದು ಇದ್ದಿದ್ದರೆ ಬಹುಶಃ ಉಳಿಯುತ್ತಿದ್ದರು. ಆದರೆ ಅದೂ ಒಂದು ಉಪಕರಣ. ಬ್ಯಾಟರಿ ಮುಗಿಯಬಹುದು, ಸಂಕೇತ ಸಿಗದಿರಬಹುದು. ಇತ್ತೀಚಿನ ವರ್ಷಗಳಲ್ಲಿ ಯುದ್ಧ ನಡೆಯುವ ಪ್ರದೇಶಗಳ ಆಸುಪಾಸಿನಲ್ಲಿ ಉಪಗ್ರಹದ ಸಂಕೇತಗಳನ್ನು ಬೇಕೆಂದೇ ಕೆಡಿಸಿ, ಸುಳ್ಳು ಜಾಗ ತೋರುವಂತೆ ಮಾಡಿರುವುದೂ ಉಂಟು. ಪರದೆ ತೋರಿಸುತ್ತಿರುವುದು ನಂಬುವಂತಿದೆಯೇ ಎಂದು ಕೇಳಿಕೊಳ್ಳಲು ಪೈಲಟ್‌ನ ತಲೆಯಲ್ಲಿ ಇನ್ನೊಂದು ಉತ್ತರ ಇರಬೇಕು. ಆದ್ದರಿಂದಲೇ ತರಬೇತಿಯಲ್ಲಿ ಇಂದಿಗೂ ನಕ್ಷೆ, ಗಡಿಯಾರ ಮತ್ತು ಗಾಳಿಯ ತ್ರಿಕೋನವನ್ನು ಕಲಿಸುತ್ತಾರೆ.

ಹಾಗೆಂದು ಇಲ್ಲಿ ಹೇಳಿದ ಜಕ್ಕೂರು ಮೈಸೂರಿನ ನೇರ ಗೆರೆ ಲೆಕ್ಕಕ್ಕೆ ಮಾತ್ರ. ನಿಜವಾದ ಹಾರಾಟದಲ್ಲಿ ವಾಯುಸಂಚಾರ ನಿಯಂತ್ರಣದವರು ಕೊಟ್ಟ ದಾರಿ ಮತ್ತು ಎತ್ತರವನ್ನೇ ಅನುಸರಿಸಬೇಕು. ಆದರೆ ದಾರಿ ಯಾವುದಾದರೂ ಲೆಕ್ಕ ಇದೇ. ಮುನ್ಸೂಚನೆಯನ್ನು ಗೌರವಿಸಿ ಹೊರಡು, ಬೇಗನೆ ನೆಲ ನೋಡು, ಗಡಿಯಾರ ನೋಡು, ತಪ್ಪು ಚಿಕ್ಕದಿರುವಾಗಲೇ ತಿದ್ದಿಕೋ. ಗಾಳಿಯಿಂದ ದಾರಿ ಸ್ವಲ್ಪ ತಪ್ಪುವುದು ಪೈಲಟ್‌ನ ಕುಂದಲ್ಲ, ಅದು ಗಾಳಿಯ ಸ್ವಭಾವ. ತಪ್ಪಿದೆಯೇ ಎಂದು ನೋಡದೆ ಇರುವುದು ಮಾತ್ರ ಕುಂದು.

ನೀವೇ ಮಾಡಿ ನೋಡಿ

1. ವಿಮಾನದ ವೇಗ 120 ನಾಟ್. 30 ನಾಟ್ ಗಾಳಿ ನೇರವಾಗಿ ಎಡ ಪಕ್ಕದಿಂದ ಬೀಸುತ್ತಿದೆ. ಬಾಯಿಲೆಕ್ಕದ ಪ್ರಕಾರ ಮೂತಿಯನ್ನು ಯಾವ ಕಡೆಗೆ, ಎಷ್ಟು ಡಿಗ್ರಿ ತಿರುಗಿಸಬೇಕು?

2. 20 ಮೈಲಿ ಸಾಗಿದಾಗ ವಿಮಾನ ಗೆರೆಯಿಂದ 2 ಮೈಲಿ ಬಲಕ್ಕೆ ಸರಿದಿದೆ. ಇನ್ನೂ 40 ಮೈಲಿ ಉಳಿದಿದೆ. ನೇರವಾಗಿ ಗುರಿ ಮುಟ್ಟಲು ಎಷ್ಟು ತಿರುಗಿಸಬೇಕು?

3. ಎರಡು ಊರುಗಳ ನಡುವೆ 60 ಮೈಲಿ. ವಿಮಾನದ ವೇಗ 100 ನಾಟ್. ಹೋಗುವಾಗ 20 ನಾಟ್ ನೇರ ಎದುರು ಗಾಳಿ, ಬರುವಾಗ ಅದೇ ಹಿಂಗಾಳಿ. ಗಾಳಿ ಇಲ್ಲದ ದಿನಕ್ಕೆ ಹೋಲಿಸಿದರೆ ಒಟ್ಟು ಎಷ್ಟು ನಿಮಿಷ ಹೆಚ್ಚು ಬೇಕು?

ಉತ್ತರಗಳು: 1. ನಿಮಿಷಕ್ಕೆ 2 ಮೈಲಿ ವೇಗವಾದ್ದರಿಂದ 30ನ್ನು 2ರಿಂದ ಭಾಗಿಸಿ, ಎಡಕ್ಕೆ 15 ಡಿಗ್ರಿ. 2. ತಪ್ಪು 6 ಡಿಗ್ರಿ, ಗುರಿ ಮುಟ್ಟಲು ಇನ್ನೂ 3, ಒಟ್ಟು ಎಡಕ್ಕೆ 9 ಡಿಗ್ರಿ. 3. ಹೋಗಲು 45, ಬರಲು 30, ಒಟ್ಟು 75 ನಿಮಿಷ. ಗಾಳಿ ಇಲ್ಲದಿದ್ದರೆ 72. ಮೂರು ನಿಮಿಷ ಹೆಚ್ಚು.